ಕುರ್ಚಿ ತಂದ ದಿನ

ಹರಿಹರದಲ್ಲಿ ಬಸ್ಸಿಳಿದಾಗ ಉಮಾಮಹೇಶ್ವರಿಗೆ ಅಲ್ಲೇ ಎಲ್ಲಾದರೂ ಒರಗಿಬಿಡಬೇಕು ಅನ್ನಿಸಿತು. ಬೆಳಗ್ಗೆ ದಾವಣಗೆರೆಯಲ್ಲಿ ಸಮಿತಿಯ ಸಭೆ. ಹೆಂಗಸರ ಆಶ್ರಮದ ಮಾಡಿಗೆ ತಗಡೋ ಹೆಂಚೋ ಎಂಬುದನ್ನೇ ಊರ ದೊಡ್ಡ ಮನುಷ್ಯರು ಮಧ್ಯಾಹ್ನದವರೆಗೆ ಅಗಿದಿದ್ದರು. ಅಧ್ಯಕ್ಷೆಯಾದ ಮೇಲೆ ಅವಳ ದಿನಗಳೆಲ್ಲ ಹೀಗೇ. ತಗಡು, ಸಿಮೆಂಟಿನ ಪರ್ಮಿಟ್ಟು, ಹಾರ, ಭಾಷಣ.

ಅದಕ್ಕೆ ಮುಂಚೆ ಅವಳಿಗಿದ್ದದ್ದು ಒಂದೇ ಕೆಲಸ, ಕೇಳುವುದು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯಲ್ಲಿ ತರಬೇತಿ ಪಡೆದು ಬಂದವಳನ್ನು ಜನ 'ಹುಚ್ಚರ ಡಾಕ್ಟ್ರಮ್ಮ' ಅಂದರು. ಅನ್ನಲಿ, ಅಂದವರ ಮನೆಯವರೇ ಆಮೇಲೆ ಬಂದರು. ಮೊದಮೊದಲು ಮೇಜು ಹಾಕಿಕೊಂಡು ಕೂತಾಗ ಸೊಂಟನೋವು, ತಲೆನೋವು ಬಿಟ್ಟು ಯಾರೂ ಬೇರೇನೂ ಹೇಳಲಿಲ್ಲ. ಚಾಪೆ ಹಾಸಿ, ಮೊರದಲ್ಲಿ ಅಕ್ಕಿ ಇಟ್ಟುಕೊಂಡು ಪಕ್ಕದಲ್ಲಿ ಕೂತ ಮೇಲೆ ಬಾಯಿ ಬಿಟ್ಟರು. ಮುಖ ನೋಡಿ ಹೇಳಲಾಗದ್ದನ್ನು ಅಕ್ಕಿ ನೋಡಿ ಹೇಳಿದರು. ಕೇಳುತ್ತ ಹೋದ ಹಾಗೆ ಕೆಲವರಿಗೆ ಇರಲು ಜಾಗ ಬೇಕಾಯಿತು, ಜಾಗಕ್ಕೊಂದು ಸಂಸ್ಥೆ, ಸಂಸ್ಥೆಗೊಬ್ಬ ಅಧ್ಯಕ್ಷೆ. ಎಲ್ಲರೂ ಅವಳತ್ತಲೇ ಬೆರಳು ತೋರಿಸಿದರು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಸಂಸ್ಥೆ ಕಟ್ಟಿದವರಿಗೆ ಗಾದೆ ಕಟ್ಟುವಷ್ಟು ಪುರುಸೊತ್ತು ಸಿಕ್ಕಿರಲಿಕ್ಕಿಲ್ಲ.

ಇವತ್ತು ಅವಳು ಬಂದದ್ದು ಗುತ್ತೂರಿನ ಓಬವ್ವನಿಗಾಗಿ. ಪುಟ್ಟ ಮಗಳು ಜ್ವರದಲ್ಲಿ ತೀರಿಕೊಂಡ ಮೇಲೆ ಓಬವ್ವ ಮಾತು ಬಿಟ್ಟಿದ್ದಳು. ಹೋದ ವಾರ ಹೊಳೆಯಲ್ಲಿ ಕುತ್ತಿಗೆಮಟ್ಟದ ನೀರಿಗೆ ಇಳಿದು ನಿಂತಿದ್ದವಳನ್ನು ಬಟ್ಟೆ ಒಗೆಯುವವರು ಎಳೆದು ತಂದಿದ್ದರು. ಅವಳು ಮೊದಲು ಚಾಪೆ ಹಾಸಿ ಕೂರುತ್ತಿದ್ದ ಹರಿಹರದ ಕೋಣೆಯನ್ನು ಈಗ ನೋಡಿಕೊಳ್ಳುತ್ತಿದ್ದವಳು ಕಮಲಕ್ಕ. ಉಮಾಮಹೇಶ್ವರಿಯ ಕೈಕೆಳಗೇ ಕೆಲಸ ಕಲಿತವಳು, ಆದರೆ ಬಾಯಿ ಸ್ವಲ್ಪ ಜಾಸ್ತಿ. ಇದು ಅವಳ ಕೈಯಲ್ಲಿ ಆಗುವ ಕೆಲಸವಲ್ಲ, ತಾನೇ ಹೋಗಬೇಕು ಎಂದುಕೊಂಡು ಉಮಾಮಹೇಶ್ವರಿ ಬಂದಿದ್ದಳು.

ಓಬವ್ವನ ಅತ್ತೆ ಸುಂಕಲಮ್ಮ ಕೋಣೆಯ ಬಾಗಿಲಲ್ಲೇ ಸಿಕ್ಕಳು.

"ಇವತ್ತು ಬಾಯಿ ಬಿಟ್ರೆ ಸೈ ಅಮ್ಮಾರೆ. ಇಲ್ಲಾಂದ್ರೆ ತವರಿಗೆ ಬಿಟ್ಟು ಬರ್ತೀವ್ರಿ. ನೀರಿಗೆ ಬೀಳೋಳ್ನ ಎಷ್ಟು ದಿನ ಅಂತ ಕಾಯೋದು?"

ತವರಲ್ಲಿ ಇದ್ದದ್ದು ಕಣ್ಣು ಕಾಣದ ತಂದೆಯೊಬ್ಬನೇ. ಅಲ್ಲಿಗೆ ಕಳಿಸುವುದೂ ಒಂದೇ, ಹೊಳೆಗೆ ಕಳಿಸುವುದೂ ಒಂದೇ.

ಒಳಗೆ ಕಾಲಿಟ್ಟರೆ ಚಾಪೆಯ ನಟ್ಟನಡುವೆ ಒಂದು ಕುರ್ಚಿ. ಅಧ್ಯಕ್ಷರು ಬರುತ್ತಾರೆಂದು ಹೆಂಗಸರು ಶಾಲೆಯಿಂದ ಕೇಳಿ ತಂದಿದ್ದರು. ಎಲ್ಲರೂ ತಲೆಮೇಲೆ ಸೆರಗೆಳೆದು ಎದ್ದು ನಿಂತರು, ಓಬವ್ವನೂ.

"ಕೂಡ್ರಿ, ಯಾಕ ನಿಂತ್ರಿ?"

"ನೀವು ಮ್ಯಾಲೆ ಕೂಡ್ರಿ ಅಮ್ಮಾರೆ."

ಅವಳು ಚಾಪೆಯ ಮೇಲೆ ಕೂತಳು. ದೊಡ್ಡವರ ಸರಿಸಮ ಕೂರುವುದುಂಟೇ? ಒಬ್ಬರೂ ಕೂರಲಿಲ್ಲ. ಮೊರ ಎಳೆದುಕೊಂಡಳು. ಇಬ್ಬರು ಓಡಿ ಬಂದು ಕಸಿದುಕೊಂಡರು.

"ಅಯ್ಯಯ್ಯೋ, ಬ್ಯಾಡ್ರಿ! ನಿಮ್ಮ ಕೈಲಿ ಅಕ್ಕಿ ಆರಿಸಿದ್ರೆ ಊರಾಗ ಏನಂತಾರ?"

ಉಮಾಮಹೇಶ್ವರಿಗೆ ಸಿಟ್ಟು ನೆತ್ತಿಗೇರಿತು. ಬೈಯಲು ಮಾತ್ರ ಬಾಯಿ ಬರಲಿಲ್ಲ, ಅವರದು ಪ್ರೀತಿಯೇ ಅಲ್ಲವೇ. ಓಬವ್ವನೊಬ್ಬಳನ್ನು ಉಳಿಸಿಕೊಂಡು ಉಳಿದವರನ್ನೆಲ್ಲ ಹೊರಗೆ ಕಳಿಸಿದಳು. ಓಬವ್ವ ಗೋಡೆಗೆ ಅಂಟಿ, ತನ್ನ ಕಾಲ್ಬೆರಳು ನೋಡುತ್ತ ನಿಂತೇ ಇದ್ದಳು.

"ಮಗಳ ಹೆಸರು ಏನಿತ್ತವ್ವ?"

ಓಬವ್ವನ ತುಟಿ ಅಲುಗಿತು.

"ನಿಮಗ್ಯಾಕ್ರಿ ಅದೆಲ್ಲ. ದೊಡ್ಡೋರು ನೀವು."

ಮಾತು ಬಿಟ್ಟವಳು ಆಡಿದ ಮೊದಲ ಮಾತು ಅದು. ಉಮಾಮಹೇಶ್ವರಿಗೆ ಅಳು ಬಂತು. ಇಷ್ಟೆಲ್ಲ ಓಡಾಡಿದ್ದು ಇದಕ್ಕೇನು? ಎದ್ದು ಹೊರಗೆ ಬಂದು, "ಕಮಲಕ್ಕ, ನೀನು ಹೋಗು. ಆ ಕುರ್ಚಿ ಆಚೆ ಹಾಕು," ಎಂದಳು.

ಹೊರಗೆ ಕಟ್ಟೆಯ ಮೇಲೆ ಸುಂಕಲಮ್ಮನ ಪಕ್ಕ ಕೂತಳು. ಒಳಗೆ ಕಮಲಕ್ಕನ ಬಾಯಿ ಶುರುವಾಯಿತು. ತನ್ನ ಮಂಡಿನೋವು, ಅಕ್ಕಿಯಲ್ಲಿನ ಕಲ್ಲು, ಸೊಸೆಯ ಸೋಮಾರಿತನ. ಕಲಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ಎಂದು ಉಮಾಮಹೇಶ್ವರಿ ಹಲ್ಲು ಕಚ್ಚಿದಳು. ಆ ಮಾತುಗಳ ನಡುವೆಯೇ ಸಣ್ಣ ದನಿಯೊಂದು "ಗಂಗಿ, ಗಂಗಿ ಅಂತಿದ್ವಿ ಅಕ್ಕಾ," ಅಂದಿತು. ಆಮೇಲೆ ಅಳು, ತಡೆಯಿಲ್ಲದ ಅಳು.

ಉಮಾಮಹೇಶ್ವರಿ ತಟ್ಟನೆ ಎದ್ದಳು. ಒಳಗೆ ಹೋಗಿ ಆ ಬೆನ್ನು ಸವರಬೇಕೆಂದು ಅವಳ ಜೀವವೆಲ್ಲ ಎಳೆಯುತ್ತಿತ್ತು. ಬಾಗಿಲವರೆಗೆ ಹೋದವಳು ಅದನ್ನು ಮೆಲ್ಲಗೆ ಮುಂದೆ ಮಾಡಿ ಬಂದು ಕೂತಳು.

"ಏನಂತಾಳ್ರಿ?" ಸುಂಕಲಮ್ಮ ಕೇಳಿದಳು.

"ಅಳ್ತಿದಾಳೆ, ಅಳ್ಲಿ ಬಿಡ್ರಿ. ತವರು ಗಿವರು ಬ್ಯಾಡ. ಮುಂದಿನ ವಾರಾನೂ ಕರ್ಕೊಂಡು ಬರ್ರಿ."

ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು, ಹೂಂ ಅಂದಳು. "ಅವತ್ತೂ ನೀವು ಬರ್ತೀರಲ್ರಿ ಅಮ್ಮಾರೆ?"

"ಇಲ್ಲವ್ವ," ಅಂದಳು ಉಮಾಮಹೇಶ್ವರಿ. "ನಾನು ಬಂದ್ರೆ ಆಕಿ ಮಾತಾಡಲ್ಲ."