ಮುಂದಕ್ಕೆ ಸರಿದ ಸೀಟು

ಜಾಹೀರಾತು ನೋಡಿ ಕಾರು ಕೇಳಿದ ಕನ್ನಡಕದಂಗಡಿಯವರ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಗ ದನಿ ನಿಂತುಹೋಯಿತು. ಕರೆ ಕಟ್ಟಾಗಿರಲಿಲ್ಲ. ಪರದೆಯ ಮೇಲೆ ಸೆಕೆಂಡುಗಳು ಓಡುತ್ತಲೇ ಇದ್ದವು. ಹಲೋ ಹಲೋ ಎನ್ನುತ್ತಾ ಕೋಣೆಯಿಂದ ಅಡುಗೆಮನೆಗೂ ಅಲ್ಲಿಂದ ಮತ್ತೆ ಕೋಣೆಗೂ ಓಡಾಡಿದೆ. ಸ್ವಲ್ಪ ಹೊತ್ತಿಗೆ ಅವರೇ ಫೋನ್ ಇಟ್ಟರು. ನಾನು ಮಾಡಿದರೆ ಎತ್ತಲಿಲ್ಲ.

ಹಿಂದಿನ ವಾರ ಕಾರು ಕೇಳಿದ್ದ ಒಬ್ಬ ಟೈಲರ್ ಕೂಡ ಹೀಗೆಯೇ ಮಾತಿನ ಮಧ್ಯೆ ಮಾಯವಾಗಿದ್ದ.

ಕಾರು ನನ್ನ ಗಂಡನದು. ಅವರು ತೀರಿಹೋದ ಮೇಲೆ ಕೋಣೆಯ ಕಿಟಕಿಯಡಿ ನಿಂತೇ ಇದೆ. ನಾನು ಆಫೀಸಿಗೆ ಬಸ್ಸಿನಲ್ಲಿ ಹೋಗುತ್ತೇನೆ. ಭಾನುವಾರ ಒಮ್ಮೆ ಇಂಜಿನ್ ಶುರು ಮಾಡಿ, ಒಂದು ಹಾಡು ಮುಗಿಯುವ ತನಕ ಕೂತು, ಆಫ್ ಮಾಡಿ ಬರುತ್ತೇನೆ. ನಿಂತು ಕೆಡುವುದಕ್ಕಿಂತ ಯಾರಾದರೂ ಓಡಿಸಲಿ, ಮಾರಿಬಿಡೋಣ ಎಂದಾಗ ಅತ್ತೆ ಬಿಡಿಸುತ್ತಿದ್ದ ಸೊಪ್ಪಿನಿಂದ ಕಣ್ಣೆತ್ತದೆ “ನಿನ್ನಿಷ್ಟ” ಎಂದಿದ್ದರು.

ಫೋನನ್ನು ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವನು ಬ್ರಷ್ಷಿನಿಂದ ಧೂಳು ತೆಗೆದು, ತನ್ನ ತಂಗಿಗೆ ಕರೆ ಮಾಡಿ, ಅವಳ ಜೊತೆ ಜಗಳವನ್ನೂ ಆಡಿ ಮುಗಿಸಿದ.

“ಗುಂಡುಕಲ್ಲಿನ ಹಾಗಿದೆ ಮೇಡಂ. ನೀವೇ ಎಲ್ಲೋ ಕೆನ್ನೆಯಲ್ಲಿ ಒತ್ತಿರ್ತೀರಿ.”

ಕೆನ್ನೆಗೆ ತಾಗಿಸದೆ ಮಾತಾಡಿ ನೋಡಿದೆ. ಆಫೀಸಿನಲ್ಲಿ ದನಿ ನಿಲ್ಲುವುದಿಲ್ಲ, ಬಸ್ಸಿನಲ್ಲೂ ನಿಲ್ಲುವುದಿಲ್ಲ. ಮನೆಯಲ್ಲಿ ಮಾತ್ರ, ಅದೂ ಸಂಜೆ, ಅತ್ತೆ ವಾಕಿಂಗ್ ಮುಗಿಸಿ ಬರುವ ಹೊತ್ತಿಗೆ. ಅಷ್ಟು ಹೊತ್ತಿಗೆ ಇಡೀ ಬೀದಿಯೇ ಫೋನ್ ಹಿಡಿದಿರುತ್ತದೆ, ನೆಟ್‌ವರ್ಕ್ ಇರಬೇಕು ಎಂದುಕೊಂಡೆ.

ಆ ಭಾನುವಾರ ಕಾರು ನರಳಿ ನರಳಿ ಶುರುವಾಯಿತು. ಬ್ಯಾಟರಿ ಸೋತಿತ್ತು. ಸೀಟು ಮುಂದಕ್ಕೆ ಸರಿದಿತ್ತು, ನನ್ನ ಮೊಣಕಾಲು ಸ್ಟಿಯರಿಂಗಿಗೆ ತಾಗಿತು. ಹಿಂದಕ್ಕೆ ತಳ್ಳಿದೆ. ಮುಂಚೆಯೂ ಹಾಗೆ ತಳ್ಳಿದ್ದು ನೆನಪಾಯಿತು. ನಿಂತ ಕಾರಿನ ಸೀಟು ತಾನಾಗಿ ಹೇಗೆ ಸರಿಯುತ್ತದೆ?

ಮಾರನೆಯ ದಿನ ಆಫೀಸಿನಲ್ಲಿದ್ದಾಗ ಕನ್ನಡಕದಂಗಡಿಯವರು ತಾವಾಗಿ ಫೋನ್ ಮಾಡಿದರು.

“ಅಲ್ಲ ಮೇಡಂ, ಕೊಡೋದಿಲ್ಲ ಅನ್ನೋರು ಜಾಹೀರಾತು ಯಾಕೆ ಹಾಕಿದ್ರಿ?”

“ಕೊಡೋದಿಲ್ಲ ಅಂತ ಯಾರು ಹೇಳಿದ್ದು?”

“ನಿಮ್ಮನೆ ಹಿರಿಯರು. ನಿಮ್ಮ ಫೋನಲ್ಲೇ. ‘ಗಾಡಿ ಕೊಡಲ್ಲ, ಇಡಪ್ಪ ಫೋನು’ ಅಂದ್ರು. ಡಬ್ಬದೊಳಗೆ ಕೂತು ಮಾತಾಡಿದ ಹಾಗಿತ್ತು.”

ಅವತ್ತು ಆ ಹೊತ್ತಿಗೆ ಫೋನು ನನ್ನ ಕೈಯಲ್ಲೇ ಇತ್ತು. ಸಂಜೆ ಅದೇ ಹೊತ್ತಿಗೆ ಇನ್ನೊಮ್ಮೆ ನೀವೇ ಕರೆ ಮಾಡಿ, ಯಾರು ಏನೆಂದರೂ ಇಡಬೇಡಿ ಎಂದು ಕೇಳಿಕೊಂಡೆ. ಅವರಿಗೂ ಕುತೂಹಲ ಹುಟ್ಟಿತ್ತು ಎಂದು ಕಾಣುತ್ತದೆ, ಒಪ್ಪಿದರು.

ಸಂಜೆ ಅವರು ಟೈರುಗಳ ಬಗ್ಗೆ ಕೇಳುತ್ತಿದ್ದಾಗ ದನಿ ಹೋಯಿತು. ಈ ಸಲ ನಾನು ಹಲೋ ಎನ್ನಲಿಲ್ಲ, ಪರದೆ ನೋಡಿದೆ. ಸ್ಪೀಕರಿನ ಗುರುತು ಇರಬೇಕಾದ ಕಡೆ ಬ್ಲೂಟೂತಿನ ಗುರುತಿತ್ತು. ಅದರ ಕೆಳಗೆ ನಮ್ಮ ಕಾರಿನ ಹೆಸರು.

ಭಾನುವಾರದ ಹಾಡಿಗೆಂದು ಫೋನನ್ನು ಕಾರಿಗೆ ಜೋಡಿಸಿದವಳು ನಾನೇ. ಕೀ ತಿರುಗಿಸಿದ ಕೂಡಲೇ ಕಾರಿನ ಸ್ಕ್ರೀನು ಎಚ್ಚೆತ್ತು ನನ್ನ ಫೋನನ್ನು ಹುಡುಕುತ್ತದೆ. ಕಿಟಕಿಯಾಚೆಯ ಕೋಣೆ ಅದಕ್ಕೇನೂ ದೂರವಲ್ಲ. ಕರೆ ಅತ್ತ ಹೋಗುತ್ತದೆ, ನಾನು ಇತ್ತ ಉಳಿಯುತ್ತೇನೆ. ಆದರೆ ಕೀ ತಿರುಗಿಸಲು ಒಂದು ಕೈ ಬೇಕು.

ಕಿಟಕಿಯ ಪರದೆ ಸರಿಸಿದೆ.

ಡ್ರೈವರ್ ಸೀಟಿನಲ್ಲಿ ಅತ್ತೆ ಕೂತಿದ್ದರು. ಬೆನ್ನಿಗೆ ಸೋಫಾದ ದಿಂಬು, ಕಾಲಲ್ಲಿ ವಾಕಿಂಗ್ ಶೂ.

ಹೊರಗೆ ಹೋಗಿ ಪಕ್ಕದ ಬಾಗಿಲು ತೆಗೆದು ಕೂತೆ. ಕಾರಿನ ತುಂಬಾ ಕನ್ನಡಕದಂಗಡಿಯವರ ದನಿ. “ಅಮ್ಮಾ, ಅವತ್ತು ಮಾತಾಡಿದ್ದು ನೀವೇ ಅಲ್ವಾ?”

ಅತ್ತೆ ನನ್ನತ್ತ ತಿರುಗಿ ಪಿಸುಗುಟ್ಟಿದರು. “ಬೇಕಂತ ಮಾಡಿದ್ದಲ್ಲ ಕಣೇ. ಕೀ ತಿರುಗಿಸಿದ್ರೆ ಸಾಕು, ಯಾರೋ ಒಬ್ಬ ಒಳಗಿಂದ ರೇಟು ಕೇಳ್ತಾನೆ. ಮೊದಲ ಸಲ ಎದೆ ಹಾರಿಹೋಯ್ತು. ಆಮೇಲೆ ಧೈರ್ಯ ಬಂತು, ಕೊಡಲ್ಲ ಅಂದೆ.”

“ನಂಗೆ ಕೇಳಿಸ್ತಿದೆ ಅಮ್ಮಾ,” ಎಂದಿತು ಸ್ಪೀಕರು.

“ವಾಕಿಂಗ್ ಅಂತ ಹೋಗ್ತಿದ್ರಲ್ಲ ಅತ್ತೆ?”

“ಡ್ರೈವಿಂಗ್ ಸ್ಕೂಲಿಗೆ ನಡೆದೇ ಹೋಗೋದು. ಹಾರ್ಕೊಂಡು ಹೋಗ್ತೀನಾ?”

ಗೇರಿನ ಪಕ್ಕದ ಗೂಡಿನಲ್ಲಿ ಅವರ ಲರ್ನಿಂಗ್ ಲೈಸೆನ್ಸ್ ಇತ್ತು. ಫೋಟೋದಲ್ಲಿ ಯಾರನ್ನೋ ಗದರಿಸುವ ಮುಖ.

“ನಂಗೆ ಯಾಕೆ ಹೇಳಲಿಲ್ಲ?”

“ನೀನು ಮಾರ್ತೀನಿ ಅಂದಾಗ ನಂಗೆ ಕ್ಲಚ್ ಬಿಡೋಕೂ ಬರ್ತಿರಲಿಲ್ಲ. ಬಾರದ ವಿದ್ಯೆಗೆ ಕಾರು ಉಳಿಸು ಅಂತ ಯಾವ ಬಾಯಲ್ಲಿ ಕೇಳಲಿ? ಅಲ್ಲಿ ಕಲಿಸೋನು ಗೇರ್ ಮೇಲೆ ಕೈ ಇಡೋಕೆ ಬಿಟ್ರೆ ತಾನೆ. ಅದಕ್ಕೆ ಇಲ್ಲಿ ಬಂದು ಹಾಕಿ ತೆಗೆದು ಮಾಡ್ತೀನಿ.”

“ಈಗ ಬರುತ್ತಾ?”

“ರಿವರ್ಸ್ ಒಂದು ಬಿಟ್ಟು.”

“ಮೇಡಂ,” ಕನ್ನಡಕದಂಗಡಿಯವರು ಗಂಟಲು ಸರಿಮಾಡಿಕೊಂಡರು. “ಕೊನೇದಾಗಿ ಹೇಳಿಬಿಡಿ. ಗಾಡಿ ಕೊಡ್ತೀರೋ ಇಲ್ವೋ?”

ಅತ್ತೆ ಎರಡೂ ಕೈ ಸ್ಟಿಯರಿಂಗಿನ ಮೇಲಿಟ್ಟು ಮುಂದಿನ ಗೋಡೆಯನ್ನು ನೋಡುತ್ತಾ ಕೂತರು.

ಅವರು ತುದಿಗಾಲಲ್ಲಿ ಕ್ಲಚ್ ಒತ್ತಿಯೇ ಇದ್ದದ್ದು ಕಂಡಿತು. ಸೀಟನ್ನು ಇನ್ನೂ ಒಂದು ಹಲ್ಲು ಮುಂದಕ್ಕೆ ತರಬಹುದಿತ್ತು. ಪ್ರತಿ ವಾರ ಹಿಂದಕ್ಕೆ ತಳ್ಳುತ್ತಿದ್ದವಳು ನಾನು.

ಸ್ಕ್ರೀನಿನ ಕಡೆಗೆ ಬಾಗಿ, “ಕೊಡೋದಿಲ್ಲ ಸರ್,” ಎಂದೆ.

“ಹಾ? ಏನಂದ್ರಿ?”

“ಅಲ್ಲಿಗೆ ಯಾಕೆ ಬಾಗ್ತೀಯ,” ಎಂದು ಅತ್ತೆ ಕನ್ನಡಿಯ ಮೇಲ್ಗಡೆ ಇದ್ದ ಸಣ್ಣ ತೂತುಗಳನ್ನು ತೋರಿಸಿದರು. “ಮೈಕು ಇಲ್ಲಿದೆ.”

ನಾನು ತಲೆಯೆತ್ತಿ ಇನ್ನೊಮ್ಮೆ ಹೇಳಿದೆ.