ದುಂಡೇಶ ಡಾಕ್ಟರನ ಬಿಳಿ ಗುಳಿಗೆ

ಸತ್ತಿ ಊರಿನ ದುಂಡೇಶ ಓದದೆಯೇ ಡಾಕ್ಟರನಾದವನು. ಯಾವ ನೋವಿಗೂ ಒಂದೇ ಬಿಳಿ ಗುಳಿಗೆ ಕೊಡುತ್ತಿದ್ದ, ಸ್ಟಿರಾಯ್ಡಿನದು. ದ್ರಾಕ್ಷಿ ತೋಟದ ಬಾಬಾಸಾಹೇಬರ ಕಿರಿಮಗಳು ಕೋಮಲ ಕೀಲುನೋವಿಗೆ ಅದನ್ನೇ ತಿಂಗಳುಗಟ್ಟಲೆ ನುಂಗಿದಳು. ಹುಟ್ಟಿನಿಂದಲೇ ಅವಳ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ ಸದ್ದಿಲ್ಲದೆ ಮಲಗಿತ್ತು. ಅದು ಎದ್ದಿತು. ಕಾಮಾಲೆಯಾಗಿ ಹುಡುಗಿ ತೀರಿಕೊಂಡಳು.

ಕೋಮಲಳ ಅಕ್ಕ ದಾನೇಶ್ವರಿ ಆಗ ಪುಣೆಯಲ್ಲಿ ವೈದ್ಯಕೀಯ ಓದುತ್ತ, ಬಾತುಕೋಳಿಗಳ ಹೆಪಟೈಟಿಸ್ ವೈರಸ್ಸಿನ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಬಾತುಕೋಳಿಯದಾಗಲಿ, ಮನುಷ್ಯನದಾಗಲಿ, ಆ ವೈರಸ್ ಯಕೃತ್ತಿನ ಜೀವಕೋಶದೊಳಗೆ ಸಣ್ಣ ಉಂಗುರದಂತೆ ಸುತ್ತಿಕೊಂಡು ಕೂರುತ್ತದೆ; ಅದರ ಜೀನುಗಳನ್ನು ಎಬ್ಬಿಸುವ, ಮಲಗಿಸುವ ಸ್ವಿಚ್ಚುಗಳಿರುತ್ತವೆ. ಮನುಷ್ಯರ ವೈರಸ್ಸಿನಲ್ಲಿ ಅಂಥದೊಂದು ಸ್ವಿಚ್ಚನ್ನು ಸ್ಟಿರಾಯ್ಡು ಒತ್ತುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ತಂಗಿ ಅದನ್ನು ನುಂಗುತ್ತಿದ್ದಾಳೆಂದು ಮಾತ್ರ ಗೊತ್ತಿರಲಿಲ್ಲ.

ಮುಂದೆ ದಾನೇಶ್ವರಿ ಅಥಣಿಯಲ್ಲಿ ಯಕೃತ್ತಿನ ಡಾಕ್ಟರಾಗಿ ಕೂತಳು. ಒಂದು ಮಧ್ಯಾಹ್ನ ಸುಸ್ತು, ಮೊಣಕಾಲ ನೋವು ಎಂದು ದುಂಡೇಶನೇ ಹೆಂಡತಿ ಶೇವಂತಾಳೊಂದಿಗೆ ಬಂದ. ಅವನಿಗೆ ಇವಳ ಗುರುತು ಹತ್ತಲಿಲ್ಲ. ಅವನ ರಕ್ತ ನೋಡಿದರೆ ಅದೇ ವೈರಸ್, ಇನ್ನೂ ಮಲಗಿತ್ತು.

"ಮೊಣಕಾಲ ನೋವಿಗೆ ಏನ್ ತಗೋತೀರಿ?"

"ನಂದ ಗುಳಿಗಿ ರೀ. ಊರಿಗೆಲ್ಲ ಕೊಟ್ಟೀನಿ, ನನಗೇನಾಕೈತಿ? ಮುಂದುವರ್ಸಲೇನ್ರಿ?"

ಬೇಡ ಎಂದರೆ ಸಾಕಿತ್ತು. ವೈರಸ್ಸನ್ನು ಅದುಮಿಡುವ ಔಷಧವೂ ಕೈಗೆಟುಕುವಲ್ಲೇ ಇತ್ತು.

"ನಿಮ್ಮ ಗುಳಿಗಿ ನಿಮಗ ಗೊತ್ತಿರ್ತೈತಿ," ಎಂದಳು. ಮುಂದಿನ ರೋಗಿಯನ್ನು ಕರೆದಳು. ಆ ರಾತ್ರಿ ಅವಳಿಗೆ ಒಳ್ಳೆಯ ನಿದ್ದೆ ಬಂತು.

ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ದುಂಡೇಶನನ್ನು ಹೊತ್ತುಕೊಂಡೇ ತಂದರು. ಕಣ್ಣು ಅರಿಸಿನವಾಗಿತ್ತು, ಹೊಟ್ಟೆ ಉಬ್ಬಿತ್ತು. ಈಗ ದಾನೇಶ್ವರಿ ಎಲ್ಲ ಔಷಧಗಳನ್ನೂ ಕೊಟ್ಟಳು. ಫಲವಿಲ್ಲವೆಂದು ತಿಳಿದೇ ಕೊಟ್ಟಳು. ಶೇವಂತಾ ನೀರು ತರಲು ಹೋದಾಗ ಮಂಚದ ಪಕ್ಕ ಕೂತಳು.

"ಬಾಬಾಸಾಹೇಬರ ಮಗಳು ಕೋಮಲ ನೆನಪದಾಳೇನು? ನಾ ಆಕಿ ಅಕ್ಕ."

ಅವನು ಮೊಣಕೈ ಊರಿ ಏಳಲು ನೋಡಿದ. "ನನಗ ಹಿಂಗಾಕೈತಂತ ನಿಮಗ ಮೊದಲ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ದೇವರಾಣಿ, ಆ ಹುಡುಗಿಗೆ ಹಂಗಾಕೈತಂತ ನನಗ ಗೊತ್ತಿರ್ಲಿಲ್ರಿ."

"ಗೊತ್ತಿಲ್ಲದಾಂವ ಯಾಕ ಕೊಟ್ಟಿ?"



ದುಂಡೇಶ ತೀರಿಹೋದ ಬೆಳಿಗ್ಗೆ ಶೇವಂತಾ ದಾನೇಶ್ವರಿಯ ಕಾಲು ಮುಟ್ಟಿದಳು. "ಭಾಳ ಮಾಡಿದ್ರಿ, ಡಾಕ್ಟರ ಬಾಯಾರ. ನಮ್ಮವರ ಆಯುಷ್ಯ ಅಷ್ಟ ಇತ್ತು."

ದಾನೇಶ್ವರಿ ಅವಳ ಭುಜ ಹಿಡಿದು ಎಬ್ಬಿಸಿದಳು.

"ಈ ಜಡ್ಡು ಗಂಡನಿಂದ ಹೆಂಡತಿಗೂ ಹತ್ತತೈತಿ, ನಿನ್ನ ರಕ್ತಾನೂ ನೋಡಬೇಕವ್ವಾ. ಕೈ ಚಾಚು," ಎಂದು, ನರ್ಸನ್ನು ಕರೆಯದೆ, ತಾನೇ ತೋಳಿಗೆ ಪಟ್ಟಿ ಬಿಗಿದಳು.