ಗುಂಡಿ ಕೈ ಎತ್ತಿದಳು

ಮನೆಯವರೆಲ್ಲ ಗುಂಡಿ ಎಂದು ಕರೆಯುವ ಆ ಹುಡುಗಿ ಒಂದನೇ ತರಗತಿಯಲ್ಲಿ ಕೂಡುವುದು ಕಳೆಯುವುದು ಎಷ್ಟು ಕಲಿತಳೋ ಆಮೇಲಿನ ಮಾತು, ಕೈ ಎತ್ತುವುದನ್ನಂತೂ ಚೆನ್ನಾಗಿ ಕಲಿತಿದ್ದಳು. ಪೋಷಕರ ಸಭೆಯಲ್ಲಿ ಟೀಚರ್ ಬಾಯ್ತುಂಬ ಹೊಗಳಿದ್ದರು.

"ಏನೇ ಆಗ್ಲಿ, ಕೈ ಎತ್ತಿ ನಿಂತ್ಕೋತಾಳೆ. ನಾನು 'ಹೇಳು' ಅನ್ನೋವರೆಗೂ ತುಟಿ ಪಿಟಕ್ ಅನ್ನಲ್ಲ. ಮನೇಲಿ ಚೆನ್ನಾಗಿ ಹೇಳ್ಕೊಟ್ಟಿದೀರ."

ಮನೆಯಲ್ಲಿ ಹೇಳಿಕೊಟ್ಟದ್ದು ಇಷ್ಟೇ: ಅಮ್ಮ ಮಾತಾಡುವಾಗ ನಡುವೆ ಬಾಯಿ ಹಾಕಿದರೆ ಬೆನ್ನಿಗೆ ಬೀಳುತ್ತದೆ. ಆದರೂ ಅಮ್ಮ ಅಲ್ಲಿ ಬೀಗಿದ್ದೇ ಬೀಗಿದ್ದು.

ಅಮ್ಮನದು ಹೊಲಿಗೆ ಕೆಲಸ. ಮನೆಯ ಮುಂದಿನ ಕೋಣೆಯೇ ಅಂಗಡಿ. ಈ ಸಂಜೆ ಬ್ಯಾಂಕಿನ ಮೇಡಂಗೆ ಕಪ್ಪು ಕೋಟು ಕೊಡಬೇಕಿತ್ತು, ಬೆಳಗಾದರೆ ಅವರಿಗೆ ಬಡ್ತಿಯ ಸಂದರ್ಶನ. ಹೊಲಿಗೆ ಮುಗಿದಿತ್ತು. ಕಾಲರಿಗೆ ಇಸ್ತ್ರಿ ಹಾಕುತ್ತಿದ್ದಾಗ ಬಾಗಿಲಿಗೆ ಜಿಪ್ಪು ಮಾರುವವನು ಬಂದ. ಹೋದ ಸಲ ಅವನು ಕೊಟ್ಟ ಜಿಪ್ಪುಗಳೆಲ್ಲ ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿದ್ದವು. ಅಮ್ಮ ಬಿಡುವವಳೇ? ಇಸ್ತ್ರಿಪೆಟ್ಟಿಗೆಯನ್ನು ಇದ್ದಲ್ಲೇ ಬಿಟ್ಟು, ಅವನ ಜನ್ಮ ಜಾಲಾಡಲು ಹೊಸಿಲಿಗೆ ನಡೆದಳು.

ಮೂಲೆಯಲ್ಲಿ ಚಿತ್ರ ಬಿಡಿಸುತ್ತಿದ್ದ ಗುಂಡಿ ಎದ್ದು ಓಡಿ ಬಂದಳು. ಅಮ್ಮನ ಎದುರಿಗೇ ಕೈ ಎತ್ತಿ ನಿಂತಳು. ಅಮ್ಮ ನೋಡಿದಳು, ಕಣ್ಣು ಕೆಕ್ಕರಿಸಿ ಮತ್ತೆ ಜಿಪ್ಪಿನವನತ್ತ ತಿರುಗಿದಳು. ಎತ್ತಿದ ಕೈ ನೋಯತೊಡಗಿದಾಗ ಮಗು ಇನ್ನೊಂದು ಕೈಯಿಂದ ಅದಕ್ಕೆ ಆಸರೆ ಕೊಟ್ಟಿತು.

ಸುಟ್ಟ ವಾಸನೆ ಮೂಗಿಗೆ ಬಡಿದ ಮೇಲೆ ಅಮ್ಮ ಒಳಗೆ ಓಡಿದಳು. ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆಯ ಮೂತಿ ಅಚ್ಚೊತ್ತಿದಂತೆ ಮೂಡಿತ್ತು.

"ಬಾಯಿ ಬಿದ್ದೋಗಿತ್ತೇನೇ ನಿಂಗೆ?"

"ಕೈ ಎತ್ತಿದ್ನಲ್ಲಮ್ಮ. ನೀನು 'ಹೇಳು' ಅನ್ನಲೇ ಇಲ್ಲ."

ಜಿಪ್ಪಿನವನು ಸದ್ದಿಲ್ಲದೆ ಜಾಗ ಖಾಲಿ ಮಾಡಿದ. ಅವನು ಆಚೆ ಹೋಗುವುದಕ್ಕೂ ಮೇಡಂ ಒಳಗೆ ಬರುವುದಕ್ಕೂ ಸರಿಹೋಯಿತು. ಅವರು ಕೋಟು ನೋಡಿದರು, ಬ್ಯಾಗನ್ನು ಕುರ್ಚಿಯ ಮೇಲಿಟ್ಟರು. ಅಮ್ಮನ ಮುಖ ಬಿಳಿಚಿಕೊಂಡಿತು, ನಾಲಿಗೆ ಮಾತ್ರ ಎಂದಿನಂತೆ ಮುಂದಿತ್ತು.

"ಏನ್ ಹೇಳ್ಲಿ ಮೇಡಂ, ಒಂದ್ನಿಮಿಷ ಹಂಗೆ ಆಚೆ ಹೋದೆ. ಅಷ್ಟರಲ್ಲಿ ಇವಳು ಇಸ್ತ್ರಿಪೆಟ್ಟಿಗೆ ಮುಟ್ಬಿಟ್ಟಿದಾಳೆ."

ಗುಂಡಿ ಅಮ್ಮನ ಮುಖವನ್ನೇ ನೋಡಿದಳು. ಆಮೇಲೆ ನಿಧಾನವಾಗಿ ಕೈ ಎತ್ತಿದಳು.

ಅಮ್ಮ ಕಂಡೂ ಕಾಣದವಳಂತೆ ಕೋಟನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಆ ಕೈ ಇಳಿಯಲಿಲ್ಲ. ಈ ಮಗು ಬಾಯಿಬಿಟ್ಟರೆ ತನ್ನ ಮಾನ ಮೂರಾಬಟ್ಟೆಯಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ಮಗು ಏನೋ ಹೇಳ್ಬೇಕಂತೆ ನೋಡಿ" ಎಂದರು ಮೇಡಂ.

ಇನ್ನು ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. "ಹೇಳು" ಎಂದಳು ಅಮ್ಮ.

"ತಪ್ಪಾಯ್ತು ಆಂಟಿ. ಇನ್ಮೇಲೆ ಮುಟ್ಟಲ್ಲ."

ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಅಮ್ಮನಿಗೆ. ಮಗಳ ತಲೆ ಸವರಲೆಂದು ಕೈ ಎತ್ತಿದಳು.

ಗುಂಡಿ ಥಟ್ಟನೆ ಕಣ್ಣು ಮುಚ್ಚಿ ಬೆನ್ನು ಬಾಗಿಸಿದಳು.

ಮೇಡಂ ಈಗ ಕೋಟನ್ನು ನೋಡುತ್ತಿರಲಿಲ್ಲ. ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ಅಮ್ಮನಿಗೆ ತಿಳಿಯಲಿಲ್ಲ.

"ಅವಳು ಮುಟ್ಟೇ ಇಲ್ಲ ಮೇಡಂ" ಎಂದಳು. "ಸುಟ್ಟಿದ್ದು ನಾನು."